ಹಕ್ಕಿಗೆ ಕಟ್ಟಿದ ಮನೆ

ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಬಯಲಿನಲ್ಲಿ ವರವು ಕಾವಲ್ ಹರಡಿಕೊಂಡಿದೆ. ಅರಸರ ಕಾಲದಲ್ಲಿ ಅಮೃತಮಹಲ್ ರಾಸುಗಳಿಗೆಂದು ಬಿಟ್ಟ ಹುಲ್ಲುಗಾವಲು ಅದು. ಮರಗಳು ವಿರಳ, ಹುಲ್ಲೇ ಅದರ ಐಶ್ವರ್ಯ. ಈಗ ಅದಕ್ಕೆ ಗೋಡೆ ಬಂದಿದೆ. 2017ರಲ್ಲಿ ಅಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷಾಕ್ಷೇತ್ರ ಉದ್ಘಾಟನೆಯಾಯಿತು. ಗೋಡೆಯಿಂದ ಕುರಿಗಳ ದಾರಿ ಮುಚ್ಚಿತು, ಹಕ್ಕಿಗಳ ದಾರಿ ಮುಚ್ಚಲಿಲ್ಲ. ಬೆಳಗಾದರೆ ಕೌಜುಗದ ಕೂಗು ಹೊರಗಿನ ಹಳ್ಳಿಗಳಿಗೂ ಕೇಳುತ್ತದೆ.

ಅಂಥದೊಂದು ಹಳ್ಳಿಯ ಕುರಿಗಾಹಿಯ ಮಗನಿಗೆ ಯಾರೋ ಬಲೆಯಲ್ಲಿ ಹಿಡಿದ ಕೌಜುಗವೊಂದು ದೊರೆಯಿತು. ಹುಡುಗನು ಹಿರಿಹಿರಿ ಹಿಗ್ಗಿ, ಬಿದಿರಿನ ಪಂಜರದೊಳಗೆ ಹುಲ್ಲು ಹಾಸಿ, ಕಾಳು ನೀರು ಇಟ್ಟನು. ಆದರೇನು? ಹೆದರಿದಾಗ ನೆಟ್ಟಗೆ ಮೇಲಕ್ಕೆ ಚಿಮ್ಮುವುದು ಆ ಹಕ್ಕಿಯ ಸ್ವಭಾವ. ಬಯಲಿನಲ್ಲಿ ಅದರ ಜೀವ ಉಳಿಸುವ ಗುಣವೇ ಪಂಜರದಲ್ಲಿ ಅದಕ್ಕೆ ಮುಳುವಾಯಿತು. ಮರುದಿನ ನೋಡಿದರೆ ನೆತ್ತಿಯೆಲ್ಲ ರಕ್ತ. ಕಾಳು ಇಟ್ಟಂತೆಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಕೌಜುಗಕ್ಕೂ ಉಂಟು, ಗಿಳಿಗೂ ಉಂಟು ಎಂಬುದು ಅವನಿಗೆ ತಿಳಿದಿರಲಿಲ್ಲ. ಅಜ್ಜನೂ ಕಾಯಿದೆಯ ಮಾತೆತ್ತಲಿಲ್ಲ. "ಅದರ ಮನೆ ಅಲ್ಲಿದೆ" ಎಂದು ಗೋಡೆಯ ಕಡೆಗೆ ಕೈ ತೋರಿದನು, ಅಷ್ಟೆ. ಹುಡುಗನು ಅಳುತ್ತಲೇ ಹೋಗಿ ಬಿಟ್ಟುಬಂದನು. ಹಕ್ಕಿ ಹಿಂದಿರುಗಿ ನೋಡಲಿಲ್ಲ. ಅದೇಕೆ ನೋಡಬೇಕು?

ಕೆಲವು ತಿಂಗಳ ಮೇಲೆ ಅವನ ತಂದೆ ಚಳ್ಳಕೆರೆಯಿಂದ ಪಂಜರದಲ್ಲಿಯೇ ಹುಟ್ಟಿದ ಒಂದು ಜೋಡಿ ಬಜರಿಗಾರ್ ತಂದನು. ಇದು ಆಸ್ಟ್ರೇಲಿಯದ ಒಣ ಬಯಲುಗಳ ಪುಟ್ಟ ಗಿಳಿ. ಅಲ್ಲಿ ಮಳೆಯನ್ನು ಅರಸುತ್ತ ಸಾವಿರಾರು ಸಂಖ್ಯೆಯಲ್ಲಿ ಅಲೆಯುತ್ತದೆ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞನು ಇದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನು. ಅಂದಿನಿಂದ ತಲೆತಲಾಂತರವಾಗಿ ಮನುಷ್ಯರ ನಡುವೆ ಬೆಳೆದ ಈ ಜಾತಿಯ ಸಾಕುಹಕ್ಕಿಗಳನ್ನು ಇಲ್ಲಿಯ ಬಯಲಿಗೆ ಬಿಡುವುದೂ ಕ್ರೌರ್ಯವೇ.

ಈ ಸಲ ಹುಡುಗನು ಅವಸರಪಡಲಿಲ್ಲ. ಅಂಗಡಿಯ ಗುಂಡನೆಯ ಪಂಜರ ನೋಡಲು ಚೆಲುವು, ಹಕ್ಕಿಗೆ ನಿಷ್ಪ್ರಯೋಜಕ. ಹಕ್ಕಿ ಹಾರುವುದು ಅಡ್ಡಡ್ಡಲಾಗಿ; ಆದ್ದರಿಂದ ಎತ್ತರಕ್ಕಿಂತ ಉದ್ದ ಮುಖ್ಯ. ತಂದೆಮಕ್ಕಳು ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಗೂಡು ಕಟ್ಟಿದರು. ತಲೆ ಸಿಕ್ಕಿಕೊಳ್ಳದಂತೆ ತಂತಿಗಳ ನಡುವೆ ಅರ್ಧ ಅಂಗುಲಕ್ಕಿಂತ ಹೆಚ್ಚು ಎಡೆ ಬಿಡಲಿಲ್ಲ. ಕೂರಲು ನುಣುಪಾದ ಕೋಲು ಬೇಡವೆಂದು ದಪ್ಪ, ತೆಳು ಬೇವಿನ ಕೊಂಬೆಗಳನ್ನು ಅಡ್ಡವಿಟ್ಟರು. ಒಂದೇ ಗಾತ್ರದ ಕೋಲಿನ ಮೇಲೆ ಸದಾ ಕುಳಿತರೆ ಹಕ್ಕಿಯ ಪಾದ ಹುಣ್ಣಾಗುತ್ತದೆ. ನೀರಿನ ಬಟ್ಟಲನ್ನು ಕೊಂಬೆಯ ಕೆಳಗಿಡದೆ ಪಕ್ಕಕ್ಕಿಟ್ಟರು, ಕಾರಣವನ್ನು ಹೇಳಬೇಕಾಗಿಲ್ಲ.

ಅಡುಗೆಮನೆಯ ಹೊಗೆ ಹಕ್ಕಿಯ ಪುಪ್ಪುಸಕ್ಕೆ ವಿಷ. ಹೀಗಾಗಿ ಗೂಡಿಗೆ ಮೂಡಣ ಜಗಲಿಯಲ್ಲಿ ಸ್ಥಾನ ದೊರೆಯಿತು. ಎಳೆಬಿಸಿಲು ಬೀಳುತ್ತದೆ, ಮಧ್ಯಾಹ್ನದ ಉರಿಬಿಸಿಲು ತಾಗದು. ಬೆಕ್ಕಿಗೆ ಎಟುಕದ ಎತ್ತರ, ಹಿಂದೆ ಗೋಡೆಯ ಆಸರೆ. ಆಹಾರದ ಚಿಂತೆಯಂತೂ ಇರಲಿಲ್ಲ: ಎಲ್ಲಿಯ ಆಸ್ಟ್ರೇಲಿಯ, ಎಲ್ಲಿಯ ಚಳ್ಳಕೆರೆ, ಆ ಹಕ್ಕಿಗೂ ಈ ಸೀಮೆಯ ನವಣೆಯೇ ಪ್ರೀತಿ! ರಾತ್ರಿಯ ಗಾಳಿಗೆ ಅಜ್ಜನು ತನ್ನ ಹಳೆಯ ಕಂಬಳಿಯ ತುಂಡೊಂದನ್ನು ಗೂಡಿನ ಮೂರು ಮಗ್ಗುಲಿಗೆ ಇಳಿಬಿಟ್ಟನು.

ಮೊದಲ ಎರಡು ದಿನ ಹಕ್ಕಿಗಳು ಮೂಲೆ ಹಿಡಿದು ಕುಳಿತವು. ಹುಡುಗನು ಕೈ ಹಾಕಲಿಲ್ಲ. ದೂರದಲ್ಲಿ ಕುಳಿತು ಪಾಠ ಓದಿಕೊಳ್ಳುತ್ತಿದ್ದನು. ಮೂರನೆಯ ದಿನ ಒಂದು ಕೆಳಗಿಳಿದು ನವಣೆಯ ತೆನೆಯನ್ನು ಕುಕ್ಕಿತು.

ಮರುದಿನ ನಸುಕಿನಲ್ಲಿ ಗೋಡೆಯಾಚೆಯಿಂದ ಕೌಜುಗವೊಂದು ಕೂಗಿತು. ಗೂಡಿನ ಚಿಲಿಪಿಲಿ ಥಟ್ಟನೆ ನಿಂತಿತು. ಎರಡು ಹಕ್ಕಿಗಳೂ ಕತ್ತು ಓರೆಮಾಡಿ ಆಲಿಸಿದವು. ಹುಡುಗನೂ ಆಲಿಸಿದನು, ಬಳಿಕ ಎದ್ದು ಬಟ್ಟಲಿನ ನೀರನ್ನು ಬದಲಿಸಿದನು.