ರಾಜಂ ಕಾಗದ ಬರೆದನೇ?

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಹಾಳೆಗಳು ತಲುಪಿದವು. ಅಡಿಗೆಮನೆ ಕೆಲಸ ಮುಗಿಸಿ ಓದಲು ಕೂತವಳು ಎದ್ದದ್ದು ಕೊನೆಯ ಪುಟ ಮುಗಿದ ಮೇಲೆಯೇ. ಜೊತೆಗಿಟ್ಟ ಚೀಟಿಯನ್ನೂ ಓದಿದೆ. ‘ಬೇರೆಯವರ ಪಾತ್ರ ಇಟ್ಟುಕೊಂಡು ಎಷ್ಟು ದಿನ ಆಟ ಆಡ್ತೀಯಮ್ಮ, ಸ್ವಂತದ್ದು ಏನಾದರೂ ಬರಿ’ ಎಂದು ನಿಮ್ಮ ಮೇಷ್ಟ್ರು ಹೇಳಿದರಂತೆ. ಇದನ್ನೆಲ್ಲ ಬಿಟ್ಟುಬಿಡಲಾ ಚಿಕ್ಕಮ್ಮಾ ಎಂದು ಕೇಳಿದ್ದೀಯ. ಬಿಡಬೇಡ ಕಣೇ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಫೋನಿನಲ್ಲಿ ಮುಗಿಸುವ ಮಾತಲ್ಲ, ಅದಕ್ಕೇ ಕಾಗದ.

ಮೊದಲು ‘ಮಾಲ್ಗುಡಿ ಡೇಸ್’ಗೆಂದು ನೀನು ಕಟ್ಟಿದ ಸಂಚಿಕೆಯ ವಿಚಾರ. ಆರ್. ಕೆ. ನಾರಾಯಣ್ ಬರೆದ ಸ್ವಾಮಿಯ ಕತೆ ಮುಗಿಯುವುದು ರೈಲ್ವೆ ಸ್ಟೇಷನ್ನಿನಲ್ಲಿ. ಮುನಿಸಿಕೊಂಡ ಗೆಳೆಯ ರಾಜಂ ಊರು ಬಿಟ್ಟು ಹೊರಟಿದ್ದಾನೆ, ಸ್ವಾಮಿ ಅವನಿಗೆಂದು ಕತೆಪುಸ್ತಕ ತಂದಿದ್ದಾನೆ. ರೈಲು ಹೊರಟೇಬಿಟ್ಟಿತು. ಪುಸ್ತಕ ಹೇಗೋ ಮಣಿಯ ಕೈಯಿಂದ ರಾಜಂನನ್ನು ಸೇರಿತು, ಅವನು ಹೇಳಿದ್ದು ಮಾತ್ರ ಗದ್ದಲದಲ್ಲಿ ಕೇಳಿಸಲಿಲ್ಲ. ಅವನು ಕಾಗದ ಬರೆಯುತ್ತಾನಂತೆ ಎಂದು ಮಣಿ ಹೇಳುತ್ತಾನೆ. ನನ್ನ ವಿಳಾಸವೇ ತಗೊಂಡಿಲ್ಲವಲ್ಲ ಎಂದರೆ, ಗೊತ್ತಿದೆಯಂತೆ ಎನ್ನುತ್ತಾನೆ. ಮಣಿ ಕೇಳಿಸಿಕೊಂಡದ್ದನ್ನು ಹೇಳಿದನೋ, ಗೆಳೆಯನ ಸಮಾಧಾನಕ್ಕೆ ಹೇಳಿದನೋ, 1935ರ ಆ ಕಾದಂಬರಿಯಲ್ಲಿ ನಾರಾಯಣ್ ಬಿಡಿಸಿ ಹೇಳುವುದಿಲ್ಲ. ಸ್ವಾಮಿಯ ಕಣ್ಣಿಗೂ ಮಣಿಯ ಮುಖದಲ್ಲಿ ಏನೂ ಸಿಗುವುದಿಲ್ಲ.

ನೀನು ಹಿಡಿದದ್ದು ಆ ಎಳೆಯನ್ನು. ರಾಜಂನಿಂದ ನಿಜಕ್ಕೂ ಒಂದು ಕಾರ್ಡು ಬಂದಿದೆ. ವಿಳಾಸದ ಜಾಗದಲ್ಲಿ ‘ಸ್ವಾಮಿನಾಥನ್, ಮಾಲ್ಗುಡಿ’ ಎಂದಷ್ಟೇ ಇದೆ. ಅದನ್ನು ಬೇರೆ ಕತೆಯ ಅಂಚೆಯವನ ಕೈಗೆ ಕೊಟ್ಟೆಯಲ್ಲ, ಅಲ್ಲಿ ನನಗೆ ಮೈ ಜುಮ್ಮೆಂದಿತು. ತಾನಪ್ಪ ಎಂದರೆ ಯಾರು? ‘ದಿ ಮಿಸ್ಸಿಂಗ್ ಮೇಲ್’ ಕತೆಯಲ್ಲಿ ಮದುವೆ ನಿಂತುಹೋಗಬಾರದೆಂದು ಸಾವಿನ ಸುದ್ದಿಯನ್ನು ತಡೆಹಿಡಿದವನು. ಈಗ ಅವನ ಕೈಯಲ್ಲಿ ಲಕೋಟೆಯಿಲ್ಲದ ಕಾರ್ಡು. ಓದಬಾರದು ಎಂದರೂ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಕ್ಷಮೆ ಇಲ್ಲ, ಬೈಗುಳವಿದೆ. ಕೊಡಬೇಕೋ, ಬೇಡವೋ? ಈ ಪ್ರಶ್ನೆ ನಾರಾಯಣ್ ಬರೆದದ್ದಲ್ಲ, ಆ ಕತೆಗಳನ್ನು ಟೀವಿಗೆ ತಂದ ಶಂಕರ್‌ನಾಗ್ ತೆಗೆದದ್ದೂ ಅಲ್ಲ. ಆದರೆ ಎರಡು ಕತೆಗಳನ್ನೂ ಪ್ರೀತಿಯಿಂದ ಮತ್ತೆ ಮತ್ತೆ ನೋಡಿದವರಿಗೆ ಮಾತ್ರ ಹೊಳೆಯುವಂಥ ಪ್ರಶ್ನೆ. ಇದನ್ನು ಸ್ವಂತದ್ದಲ್ಲ ಎನ್ನುವುದು ಹೇಗೆ?

ನಿನ್ನಂಥವರು ಬೇಕಾದಷ್ಟು ಜನ ಇದ್ದರು, ಇದ್ದಾರೆ. ಅವರೆಲ್ಲ ಒಟ್ಟು ಸೇರಿ ದೊಡ್ಡ ದಂಡಾದದ್ದು ಅಮೆರಿಕದಲ್ಲಿ, ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಸುತ್ತ. ನಮ್ಮ ದೂರದರ್ಶನದಲ್ಲಿ ಅದು ಬರುತ್ತಿದ್ದಾಗ ನಾನೂ ನೋಡಿದ್ದೇನೆ. ಎಂಟರ್‌ಪ್ರೈಸ್ ಎಂಬ ಆಕಾಶನೌಕೆ, ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ ಸ್ಪಾಕ್. 1966ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿಯಲ್ಲಿ ಶುರುವಾದ ಅದು ಮೂರು ಹಂತಗಳಲ್ಲಿ 79 ಸಂಚಿಕೆ ಕಂಡು 1969ರಲ್ಲಿ ನಿಂತಿತು. ಎರಡನೇ ಹಂತದಲ್ಲೇ ನಿಲ್ಲಿಸುತ್ತಾರೆ ಎಂಬ ಸುದ್ದಿ ಬಂದಾಗ ಅಭಿಮಾನಿಗಳು ಒಂದು ಲಕ್ಷಕ್ಕೂ ಹೆಚ್ಚು ಕಾಗದ ಬರೆದು, ಮೂರನೆಯದು ಬರುವ ಹಾಗೆ ಮಾಡಿದರು.

ಆದರೆ ಕಾಗದ ಬರೆದು ಬೇಡುವುದಕ್ಕೂ ಮೊದಲೇ ಕೆಲವರು ತಾವೇ ಕತೆ ಕಟ್ಟತೊಡಗಿದ್ದರು. 1967ರಲ್ಲಿ, ಧಾರಾವಾಹಿ ಇನ್ನೂ ನಡೆಯುತ್ತಿದ್ದಾಗಲೇ, ‘ಸ್ಪಾಕನೇಲಿಯಾ’ ಎಂಬ ಪತ್ರಿಕೆ ಹೊರಟಿತು. ತಂದವರು ಡೆವ್ರಾ ಲ್ಯಾಂಗ್‌ಸ್ಯಾಮ್ ಮತ್ತು ಶೆರ್ನಾ ಕಮರ್‌ಫರ್ಡ್ ಎಂಬ ಇಬ್ಬರು ಹೆಂಗಸರು. ಮೊದಲ ಸಂಚಿಕೆಗೆ ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮಾಯ್ ಅವರೇ ಒಂದು ಓಲೆ ಕೊಟ್ಟಿದ್ದರು. ಆ ಕಾಲದಲ್ಲಿ ಇಂಥ ಪತ್ರಿಕೆ ಎಂದರೆ ಸೈಕ್ಲೋಸ್ಟೈಲು. ನಿನಗೆ ಗೊತ್ತಿರಲಿಕ್ಕಿಲ್ಲ. ಟೈಪ್‌ರೈಟರಿನ ರಿಬ್ಬನ್ ತೆಗೆದು, ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಅಕ್ಷರಗಳು ಕೊರೆಯುವ ಹಾಗೆ ಕುಟ್ಟಬೇಕು. ತಪ್ಪಿದರೆ ಬಣ್ಣದ ದ್ರವ ಹಚ್ಚಿ, ಆರುವವರೆಗೆ ಕಾದು, ಮತ್ತೆ ಕುಟ್ಟಬೇಕು. ಆಮೇಲೆ ಶಾಯಿಯ ಉರುಳೆಗೆ ಕಟ್ಟಿ ತಿರುಗಿಸುತ್ತ ಒಂದೊಂದೇ ಹಾಳೆ ಇಳಿಸಬೇಕು. ಹಾಳೆಗಳನ್ನು ಕ್ರಮವಾಗಿ ಜೋಡಿಸಿ ಪಿನ್ನು ಹೊಡೆದು ಅಂಚೆಗೆ ಹಾಕಬೇಕು. ಕೈಗೆಲ್ಲ ಮಸಿ. ಇದರಲ್ಲಿ ದುಡ್ಡಿರಲಿಲ್ಲ, ಹೆಸರೂ ಅಷ್ಟಕ್ಕಷ್ಟೆ. ಬರೆಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ನನಗೆ ಅವರ ಮೇಲೆ ಬಹಳ ಗೌರವ. ತೋರಿಸಿದ್ದನ್ನು ನೋಡಿ ಟೀವಿ ಆರಿಸುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಆ ಮನುಷ್ಯರು ಮುಂದಿನ ವಾರದ ತನಕ ಏನು ಮಾಡುತ್ತಿರುತ್ತಾರೆ ಎಂದು ಕೇಳಿಕೊಂಡರು.

ಅವರಲ್ಲೊಬ್ಬರು ರೂತ್ ಬರ್ಮನ್. ಶಾಟ್ನರ್, ನಿಮಾಯ್, ಕೆಲ್ಲಿ ಎಂಬ ಮೂವರು ನಟರು ಚಿತ್ರೀಕರಣದ ನಡುವೆ ಇದ್ದಕ್ಕಿದ್ದಂತೆ ನಿಜವಾದ ಎಂಟರ್‌ಪ್ರೈಸ್ ನೌಕೆಗೆ ಹೋಗಿ ಬೀಳುತ್ತಾರೆ, ತಾವು ಆಡುತ್ತಿದ್ದ ಪಾತ್ರಗಳನ್ನು ಅಲ್ಲಿ ಬದುಕಿ ತೋರಿಸಬೇಕಾಗುತ್ತದೆ. ಇದು ಆಕೆಯ ಕತೆ. ಬೇರೆ ಅಭಿಮಾನಿಗಳು ಬರೆದ ಕತೆಗೆ ಇದು ಉತ್ತರ. ಅದರಲ್ಲಿ ನಿಜವಾದ ಕರ್ಕ್ ಮತ್ತು ಗೆಳೆಯರು ಸ್ಟುಡಿಯೋಗೆ ಬಂದು ಬಿದ್ದಿದ್ದರು. ಒಬ್ಬರು ಎಸೆದ ಮಾತಿಗೆ ಇನ್ನೊಬ್ಬರು ಮರುಮಾತು ಹೇಳಿದ ಹಾಗೆ. 1976ರಲ್ಲಿ ಬ್ಯಾಂಟಂ ಪ್ರಕಾಶನ ಇಂಥ ಕತೆಗಳನ್ನು ಆರಿಸಿ ‘ಸ್ಟಾರ್ ಟ್ರೆಕ್: ದಿ ನ್ಯೂ ವಾಯೇಜಸ್’ ಎಂಬ ಪುಸ್ತಕವನ್ನೇ ತಂದಿತು. ಬರ್ಮನ್ ಕತೆಯೂ ಅದರಲ್ಲಿದೆ. ಧಾರಾವಾಹಿಯ ಜನಕ ಜೀನ್ ರಾಡನ್‌ಬೆರಿ ಮುನ್ನುಡಿ ಬರೆದರು.

ಈಗ ನಿಮ್ಮ ಮೇಷ್ಟ್ರಿಗೆ ಹೇಳಬೇಕಾದ ಎರಡು ಕತೆ. ಡೇವಿಡ್ ಜೆರೋಲ್ಡ್ ಎಂಬ ಹುಡುಗ ಲಾಸ್ ಏಂಜಲೀಸಿನಲ್ಲಿ ಕಾಲೇಜು ಓದುತ್ತಿದ್ದ. ‘ಸ್ಟಾರ್ ಟ್ರೆಕ್’ ಶುರುವಾದದ್ದೇ ತಡ, ತನ್ನದೊಂದು ಸಂಚಿಕೆಯ ರೂಪುರೇಷೆ ಬರೆದು ಕಳಿಸಿದ. ಅದನ್ನು ಅವರು ತೆಗೆದುಕೊಳ್ಳಲಿಲ್ಲ, ಆದರೆ ಇನ್ನಷ್ಟು ಕಳಿಸು ಎಂದರು. ಹಾಗೆ ಕಳಿಸಿದ್ದರಲ್ಲಿ ಒಂದು, ನೋಡಲು ಮುದ್ದಾದ, ತಿಂದಷ್ಟೂ ಮರಿ ಹಾಕುತ್ತ ನೌಕೆಯನ್ನೆಲ್ಲ ತುಂಬಿಕೊಳ್ಳುವ ತುಪ್ಪಳದ ಪ್ರಾಣಿಗಳ ಕತೆ. ‘ದಿ ಟ್ರಬಲ್ ವಿತ್ ಟ್ರಿಬಲ್ಸ್’ ಎಂಬ ಹೆಸರಿನಲ್ಲಿ 1967ರ ಡಿಸೆಂಬರ್ 29ರಂದು ಪ್ರಸಾರವಾಯಿತು. ಆಗ ಅವನಿಗೆ 23 ವರ್ಷ. ಇಡೀ ಸರಣಿಯಲ್ಲಿ ಜನ ಇವತ್ತಿಗೂ ನೆನೆಸಿಕೊಳ್ಳುವ ಸಂಚಿಕೆಗಳಲ್ಲಿ ಅದೊಂದು.

ಇನ್ನೊಂದು ನನ್ನ ಮನಸ್ಸಿಗೆ ಇನ್ನೂ ಹತ್ತಿರದ್ದು. ಎಂಬತ್ತರ ದಶಕದ ಕೊನೆಗೆ ‘ನೆಕ್ಸ್ಟ್ ಜನರೇಷನ್’ ಎಂಬ ಹೊಸ ಸರಣಿ ನಡೆಯುತ್ತಿತ್ತು. ಆ ನೌಕೆಯಲ್ಲಿ ಅಧಿಕಾರಿಗಳು ಹೆಂಡತಿ ಮಕ್ಕಳ ಸಮೇತ ಇರುತ್ತಾರೆ. ರೊನಾಲ್ಡ್ ಮೂರ್ ಎಂಬ ಅಭಿಮಾನಿ ಸೆಟ್ ನೋಡಲು ಹೋದಾಗ ತಾನು ಬರೆದ ಸಂಚಿಕೆಯನ್ನು ಅಲ್ಲಿ ಒಬ್ಬರ ಕೈಗೆ ಕೊಟ್ಟುಬಂದ. ಅದರಲ್ಲಿದ್ದ ಪ್ರಶ್ನೆ ಇಷ್ಟು: ಒಂಟಿ ತಾಯಿಯೊಬ್ಬಳು ಕೆಲಸಕ್ಕೆಂದು ಕೆಳಗಿನ ಗ್ರಹಕ್ಕೆ ಇಳಿದು ಸತ್ತರೆ, ಮೇಲೆ ಕೋಣೆಯಲ್ಲಿ ಕಾಯುತ್ತಿರುವ ಅವಳ ಮಗನಿಗೆ ಹೇಳುವವರು ಯಾರು? ಮಕ್ಕಳನ್ನು ನೌಕೆಯಲ್ಲಿ ಓಡಾಡಿಸುತ್ತ ಬಂದ ಬರಹಗಾರರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿರಲಿಲ್ಲ. ಬರಹಗಾರರ ತಂಡದ ಮುಖ್ಯಸ್ಥ ಮೈಕಲ್ ಪಿಲ್ಲರ್ ಆ ಹಸ್ತಪ್ರತಿಯನ್ನು ಕೊಂಡರು. ರಾಡನ್‌ಬೆರಿ ಅಡ್ಡ ಹೇಳಿದರು: ಆ ಶತಮಾನದ ಮಕ್ಕಳು ಸಾವನ್ನು ಬದುಕಿನ ಭಾಗ ಎಂದು ಒಪ್ಪಿಕೊಂಡವರು, ಹೀಗೆ ಕುಸಿಯುವುದಿಲ್ಲ ಎಂದು. ಆಗ ಬರಹಗಾರರು ಕಂಡುಕೊಂಡ ದಾರಿ ನೋಡು. ಆ ಹುಡುಗ ಅಳುವುದೇ ಇಲ್ಲ, ಅವನು ಅಳದಿರುವುದೇ ಸಂಚಿಕೆಯ ಸಂಕಟವಾಗುತ್ತದೆ. ‘ದಿ ಬಾಂಡಿಂಗ್’ ಎಂಬ ಹೆಸರಿನಲ್ಲಿ 1989ರ ಅಕ್ಟೋಬರಿನಲ್ಲಿ ಅದು ಬಂತು. ಮೂರ್ ಅದೇ ತಂಡ ಸೇರಿ ವರ್ಷಗಟ್ಟಲೆ ಬರೆದ, ಮುಂದೆ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ವನ್ನು ಹೊಸದಾಗಿ ಕಟ್ಟಿದವನೂ ಅವನೇ.

ನೀನೂ ಅವನಂತೆ ಹೆಸರು ಮಾಡಬೇಕು ಎಂದು ಇದನ್ನು ಹೇಳುತ್ತಿಲ್ಲ. ಬೇರೆಯವರು ಹಾಕಿದ ಗೆರೆಯೊಳಗೆ ನಿಂತು ಬರೆಯುವಾಗ ಮನಸ್ಸು ಎಷ್ಟು ಚುರುಕಾಗುತ್ತದೆ ನೋಡು ಎನ್ನುತ್ತಿದ್ದೇನೆ. ನಿನ್ನ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರಲ್ಲ, ‘ಕೃಷ್ಣ ಸಂಧಾನ’ದಲ್ಲಿ ಸಂಧಾನ ಮುರಿದುಬೀಳುತ್ತದೆ ಎಂದು ಕೂತವರಿಗೆಲ್ಲ ಗೊತ್ತು. ಪದ್ಯವೂ ಗೊತ್ತು. ಆದರೂ ಆ ರಾತ್ರಿ ಕೃಷ್ಣ ಏನು ವಾದ ಹೂಡುತ್ತಾನೆ, ಕೌರವ ಅದನ್ನು ಹೇಗೆ ಕತ್ತರಿಸುತ್ತಾನೆ ಎಂದು ಜನ ಬೆಳಗಿನ ತನಕ ಕೂರುತ್ತಿದ್ದರು. ಮಾತೆಲ್ಲ ಅರ್ಥಧಾರಿಯದೇ, ಆದರೆ ಪಾತ್ರ ಕೆಡಬಾರದು. ನೀನು ಆ ಮನೆತನದವಳು.

ಪಾತ್ರ ಕೆಡಬಾರದು ಎಂದೆನಲ್ಲ, ಈಗ ನಿನ್ನ ಬರಹದ ಎರಡು ತಪ್ಪು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಒಂದು, ಅನಘ. ಮಾಲ್ಗುಡಿಗೆ ರಜೆಗೆ ಬಂದ ಈ ಹುಡುಗಿ ಕಾರ್ಡು ನೋಡಿದ ತಕ್ಷಣ ಯಾವ ಸ್ವಾಮಿನಾಥನ್ ಎಂದು ಪತ್ತೆ ಮಾಡುತ್ತಾಳೆ, ಮಣಿಯನ್ನು ಮಾತಿನಲ್ಲಿ ಸೋಲಿಸುತ್ತಾಳೆ, ಸ್ವಾಮಿಯ ಕಣ್ಣೀರು ಒರೆಸುತ್ತಾಳೆ. ಅವಳು ಯಾರು ಎಂದು ನನಗೆ ಗೊತ್ತು, ನಿನಗೂ ಗೊತ್ತು. ಇದು ಹಳೆಯ ಕಾಯಿಲೆ ಪುಟ್ಟಿ. 1973ರಲ್ಲಿ ಪೌಲಾ ಸ್ಮಿತ್ ಎಂಬಾಕೆ ತನ್ನಂಥ ಅಭಿಮಾನಿಗಳನ್ನೇ ಅಣಕಿಸಿ ಪುಟ್ಟದೊಂದು ಕತೆ ಬರೆದಳು. ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸೂ ನೌಕೆಗೆ ಬರುತ್ತಾಳೆ, ಎಲ್ಲರೂ ಅವಳಿಗೆ ಮರುಳಾಗುತ್ತಾರೆ, ಎಲ್ಲವನ್ನೂ ಅವಳೇ ಸರಿಮಾಡುತ್ತಾಳೆ, ಕೊನೆಗೆ ಎಲ್ಲರ ಕಣ್ಣೀರಿನ ನಡುವೆ ಸಾಯುತ್ತಾಳೆ. ಅಂದಿನಿಂದ ಅಂಥ ಪಾತ್ರಗಳಿಗೆಲ್ಲ ಅದೇ ಹೆಸರು ನಿಂತಿತು. ಅನಘಳನ್ನು ತೆಗೆ. ಅವಳಿದ್ದರೆ ತಾನಪ್ಪನಿಗೆ ಮಾಡಲು ಕೆಲಸವಿಲ್ಲ, ಮತ್ತು ಇದು ತಾನಪ್ಪನ ಸಂಚಿಕೆ.

ಎರಡನೆಯದು, ತಾನಪ್ಪನ ಭಾಷಣ. ಗೆಳೆತನ ಅಂದರೆ ಏನು ಎಂದು ಅವನು ಒಂದು ಪುಟ ಮಾತಾಡುತ್ತಾನೆ. ಅವನು ಹಾಗೆ ಮಾತಾಡುವವನಲ್ಲ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮಗ ಮನಿಯಾರ್ಡರು ಕಳಿಸಿಲ್ಲ, ಅವನ ಮಾತು ಇಷ್ಟೇ. ಪ್ರೀತಿ ಇರುವುದು ಆ ವಿಚಾರಣೆಯಲ್ಲೇ. ಕಾರ್ಡು ಕೊಡುವ ಹೊತ್ತಿನಲ್ಲಿ ಅವನು ‘ಅಜ್ಜಿ ಹೇಗಿದ್ದಾರೆ’ ಎಂದು ಕೇಳಲಿ, ಸಾಕು.

ಇನ್ನು ಸ್ವಾಮಿಯ ಅಪ್ಪ ಆ ಕಾರ್ಡನ್ನು ಓದಿ ಸುಮ್ಮನೆ ಮೇಜಿನ ಮೇಲೆ ಇಟ್ಟುಬಿಡುವ ದೃಶ್ಯ. ಅದರಲ್ಲಿ ಒಂದಕ್ಷರ ಮುಟ್ಟಬೇಡ. ಗಿರೀಶ ಕಾರ್ನಾಡರು ಮಾಡಿದ ಆ ಅಪ್ಪ ಹಾಗೇ ಮಾಡುತ್ತಿದ್ದ. ಓದುವಾಗ ನನ್ನ ಕಿವಿಯಲ್ಲಿ ಅವರ ಗಂಟಲೇ ಇತ್ತು.

ಒಂದು ಎಚ್ಚರಿಕೆ. ಪ್ರೀತಿಗೆ ಬರೆಯುವುದು ಬೇರೆ, ಮಾರುವುದು ಬೇರೆ. ‘ಸ್ಟಾರ್ ಟ್ರೆಕ್’ ಅಭಿಮಾನಿಗಳೇ ಹಳೆಯ ಸೆಟ್ಟುಗಳನ್ನು ಅಚ್ಚುಕಟ್ಟಾಗಿ ಮತ್ತೆ ಕಟ್ಟಿ, ತಾವೇ ಕರ್ಕ್ ಸ್ಪಾಕ್ ಆಗಿ ಹೊಸ ಸಂಚಿಕೆಗಳನ್ನು ಚಿತ್ರಿಸಿದರು. ಅವುಗಳಲ್ಲೊಂದರಲ್ಲಿ ಮೂಲ ನಟ ಜಾರ್ಜ್ ಟಕೇಯೇ ಬಂದು ನಟಿಸಿದರು, ಅದು ಹ್ಯೂಗೊ ಪ್ರಶಸ್ತಿಯ ಅಂತಿಮ ಪಟ್ಟಿಗೂ ಹೋಯಿತು. ಆದರೆ ‘ಆಕ್ಸನಾರ್’ ಎಂಬ ಚಿತ್ರಕ್ಕೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಚಂದಾ ಎತ್ತಿದಾಗ, 2015ರ ಕೊನೆಗೆ ಸಿಬಿಎಸ್ ಮತ್ತು ಪ್ಯಾರಮೌಂಟ್ ದಾವೆ ಹೂಡಿದವು. 2016ರಲ್ಲಿ ಎಲ್ಲ ಅಭಿಮಾನಿಗಳಿಗೂ ನಿಯಮ ಬಂತು: ಒಂದು ಕತೆ 15 ನಿಮಿಷ ಮೀರಬಾರದು, ಎರಡು ಭಾಗವಾದರೆ ಒಟ್ಟು ಅರ್ಧ ಗಂಟೆ, ಚಂದಾ 50,000 ಡಾಲರಿನೊಳಗೆ. ಒಬ್ಬರ ದುಡ್ಡಿನ ಹಂಬಲಕ್ಕೆ ಎಲ್ಲರ ಕೈ ಕಟ್ಟಿಹಾಕಿದ್ದು ನನಗೆ ಸರಿ ಕಾಣುವುದಿಲ್ಲ. ಆದರೂ ಒಡೆಯರು ಒಡೆಯರೇ. ನಾರಾಯಣ್ ತೀರಿಕೊಂಡದ್ದು 2001ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿದ 60 ವರ್ಷದವರೆಗೆ ಹಕ್ಕು ಉಳಿಯುತ್ತದೆ. ಹಾಗಾಗಿ ಬರಿ, ಗೆಳತಿಯರಿಗೆ ಓದಿ ಹೇಳು, ಹಾಸ್ಟೆಲಿನಲ್ಲಿ ಆಡಿ ತೋರಿಸು. ಕಾಸಿಗೆ ಅಚ್ಚು ಹಾಕಿಸಬೇಡ.

ಶಂಕರ್‌ನಾಗ್ ತೆಗೆದದ್ದು 39 ಸಂಚಿಕೆ. ಇಲ್ಲೇ ಪಕ್ಕದ ಆಗುಂಬೆಯ ಪೇಟೆಯೇ ಮಾಲ್ಗುಡಿಯಾಯಿತು, ಊರಿನವರು ಸಣ್ಣಪುಟ್ಟ ಪಾತ್ರ ಮಾಡಿದರು, ಅರಸಾಳಿನ ಪುಟ್ಟ ರೈಲ್ವೆ ಸ್ಟೇಷನ್ನು ಮಾಲ್ಗುಡಿ ಸ್ಟೇಷನ್ನಾಯಿತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಅಪಘಾತದಲ್ಲಿ ಅವರು ಹೋದಾಗ ಇನ್ನೂ 35 ವರ್ಷ. 2006ರಲ್ಲಿ ಕವಿತಾ ಲಂಕೇಶ್ ಇನ್ನು 15 ಸಂಚಿಕೆ ತೆಗೆದರು. ಅದಾದ ಮೇಲೆ ಮಾಲ್ಗುಡಿಗೆ ಹೊಸ ಸಂಚಿಕೆ ಬೇಕೆಂದರೆ ನಿನ್ನಂಥವರು ಮನಸ್ಸಿನಲ್ಲಿ ತೆಗೆಯಬೇಕು. ಊರನ್ನೇ ಕಲ್ಪಿಸಿದರು ನಾರಾಯಣ್, ಅದಕ್ಕೆ ಒಂದು ಪೇಟೆ ಹುಡುಕಿಕೊಟ್ಟರು ಶಂಕರ್‌ನಾಗ್. ಆ ಪೇಟೆಯಲ್ಲಿ ನೀನು ಒಂದು ಕಾರ್ಡು ಹಂಚಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಇದನ್ನು ತಿದ್ದಿ ಮುಗಿಸಿದ ಮೇಲೆ ಮುಂದಿನದು ಸ್ಯಾಮ್ಯುಯೆಲ್‌ನ ಬಗ್ಗೆ ಬರಿ. ಗಾತ್ರಕ್ಕೆ ತಕ್ಕಂತೆ ‘ಬಟಾಣಿ’ ಎಂದು ಕರೆಸಿಕೊಂಡ ಹುಡುಗ. ಓದಿನಲ್ಲಿ ಮುಂದಿಲ್ಲ, ಜಗಳದಲ್ಲಿ ಮುಂದಿಲ್ಲ, ಸ್ವಾಮಿಯ ಜೊತೆ ಸೇರಿ ನಗುವುದೊಂದೇ ಅವನ ಗೆಳೆತನ. ಅವನ ಮನೆಯೊಳಗೆ ಕಾಲಿಟ್ಟು ನೋಡಬೇಕೆಂದು ನನಗೆ ಬಹಳ ಆಸೆ. ನೀನು ಕರೆದುಕೊಂಡು ಹೋಗು.

ನಿನ್ನ ಚಿಕ್ಕಮ್ಮ