ಹಿಮನದಿಯ ಎದುರಿನಲ್ಲಿ ಒಂದು ದಿನ



ಬಯಲುಸೀಮೆಯ ಎರೆಮಣ್ಣಿನಲ್ಲಿ ಹುಟ್ಟಿ ಬೆಳೆದವನು ಹಿಮನದಿಯ ವಿಷಯವಾಗಿ ಬರೆಯಹೊರಟಿರುವುದು ನಿಮಗೆ ವಿಚಿತ್ರವಾಗಿ ತೋರಬಹುದು. ಶ್ರೀಮಠದ ಪ್ರಸಾದನಿಲಯದಲ್ಲಿ ಓದಿ, ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಭೂಗೋಳವನ್ನು ಬೋಧಿಸಿದವನು ನಾನು. ಹಿಮನದಿಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದೆನೋ ಲೆಕ್ಕವಿಲ್ಲ. ಆದರೆ ಅದನ್ನು ಕಣ್ಣಾರೆ ಕಂಡದ್ದು ಎಪ್ಪತ್ತು ದಾಟಿದ ಮೇಲೆ, 2023ನೆಯ ಇಸವಿಯ ಜೂನ್ ತಿಂಗಳಿನಲ್ಲಿ.

ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಮಗನು ಬಹುದಿನಗಳಿಂದ ಕರೆಯುತ್ತಿದ್ದನು. ನಾನು ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನು. ನಿಜವಾದ ಕಾರಣವನ್ನು ನಿಮ್ಮಲ್ಲಿ ಮುಚ್ಚಿಡಲಾರೆ. 2021ರಲ್ಲಿ ನನ್ನ ಧರ್ಮಪತ್ನಿಯು ಲಿಂಗೈಕ್ಯಳಾದಾಗ ಅವನು ಬರಲಿಲ್ಲ. ಆಗ ಮಹಾಮಾರಿಯ ಕಾಲ. ವಿಮಾನ ಸಂಚಾರವು ಅಸ್ತವ್ಯಸ್ತವಾಗಿದ್ದಿತು. ಬಂದರೆ ಮರಳಿ ಹೋಗಲು ಪರವಾನಗಿ ಎಂದು ದೊರೆತೀತೆಂಬುದೂ ತಿಳಿಯದು. ಇದೆಲ್ಲವೂ ಬುದ್ಧಿಗೆ ತಿಳಿದಿದ್ದಿತು, ಮನಸ್ಸು ಮಾತ್ರ ಒಪ್ಪಿರಲಿಲ್ಲ. ಕೊನೆಗೆ ಮೊಮ್ಮಗನ ಒತ್ತಾಯಕ್ಕೆ ಮಣಿದು ಹೊರಟೆನು.

ಅಲಾಸ್ಕವು 1867ರಲ್ಲಿ ಅಮೆರಿಕೆಯು ರಷ್ಯಾದಿಂದ 72 ಲಕ್ಷ ಡಾಲರುಗಳಿಗೆ ಕೊಂಡುಕೊಂಡ ನಾಡು. ಆ ವ್ಯವಹಾರವನ್ನು ಕುದುರಿಸಿದ ಮಂತ್ರಿ ಸೀವರ್ಡ್ ಎಂಬವನ ಹೆಸರನ್ನು ಹೊತ್ತ ಒಂದು ಸಣ್ಣ ರೇವುಪಟ್ಟಣವು ಅದರ ದಕ್ಷಿಣ ತೀರದಲ್ಲಿದೆ. 1964ರ ಮಾರ್ಚ್ 27ರಂದು ಸಂಭವಿಸಿದ ಭೀಕರ ಭೂಕಂಪ ಹಾಗೂ ಸಮುದ್ರದ ಹೆದ್ದೆರೆಗಳಿಂದ ನುಚ್ಚುನೂರಾಗಿ, ಮತ್ತೆ ಎದ್ದುನಿಂತ ಊರದು. ಅಲ್ಲಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಹಡಗುಗಳು ಕೆನಾಯ್ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನದ ಹಿಮನದಿಗಳನ್ನೂ ಜಲಚರಗಳನ್ನೂ ತೋರಿಸಿ ತರುತ್ತವೆ. ಈ ಉದ್ಯಾನವು 1980ರಲ್ಲಿ ಸ್ಥಾಪಿತವಾಯಿತು. ಬೆಟ್ಟಗಳ ತಲೆಯ ಮೇಲೆ ಸುಮಾರು 1,800 ಚದರ ಕಿಲೋಮೀಟರು ಹರಡಿರುವ ಹಾರ್ಡಿಂಗ್ ಹಿಮಕ್ಷೇತ್ರವೇ ಇದರ ಹೃದಯ. 30ಕ್ಕೂ ಹೆಚ್ಚು ಹಿಮನದಿಗಳು ಅದರಿಂದ ಇಳಿದುಬರುತ್ತವೆ. ಕೆಲವು ನೇರವಾಗಿ ಕಡಲಿಗೇ ಕಾಲಿಡುತ್ತವೆ.

ಹಡಗನ್ನೇರುವ ಹಿಂದಿನ ದಿನ, ರಸ್ತೆಯ ಮಾರ್ಗವಾಗಿ ತಲುಪಬಹುದಾದ ಎಕ್ಸಿಟ್ ಹಿಮನದಿಗೆ ಹೋದೆವು. ಹಿಮದ ಅಂಚು ಯಾವ ವರ್ಷದಲ್ಲಿ ಎಲ್ಲಿದ್ದಿತೆಂಬುದನ್ನು ತೋರಿಸಲು ಅಲ್ಲಿ ದಾರಿಯುದ್ದಕ್ಕೂ ಇಸವಿಗಳ ಫಲಕಗಳನ್ನು ನೆಟ್ಟಿದ್ದಾರೆ. 1926 ಎಂಬುದನ್ನು ದಾಟಿ 1951 ಎಂಬ ಫಲಕದ ಬಳಿ ಬಂದಾಗ ನನ್ನ ಕಾಲುಗಳು ತಾವಾಗಿಯೇ ನಿಂತವು. ಅದು ನಾನು ಹುಟ್ಟಿದ ವರ್ಷ. ಸುತ್ತಲೂ ಹಸಿರು ಗಿಡಗಳು. ಹಿಮದ ಸುಳಿವೇ ಇಲ್ಲ. ಹತ್ತು ವರ್ಷದ ಮೊಮ್ಮಗನು, "ಮುತ್ಯಾ, ನೀವು ಹುಟ್ಟಿದಾಗ ಬರ್ಫ ಇಲ್ಲೀತನಕಾ ಇತ್ತೇನ್ರಿ?" ಎಂದನು. ಹೌದೆಂದೆನು. "ನಾ ನಿಮ್ಮಷ್ಟು ದೊಡ್ಡಾಂವ ಆದಾಗ ಎಲ್ಲಿರತೈತ್ರಿ?" ಎಂದು ಮತ್ತೆ ಕೇಳಿದನು. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟರ ಬಾಯಿಂದ ಉತ್ತರ ಹೊರಡಲಿಲ್ಲ.

ಮರುದಿನ ಮೈತುಂಬ ಉಣ್ಣೆಯ ಬಟ್ಟೆ ಧರಿಸಿ, ಸೊಸೆಯು ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿಗಳ ಗಂಟಿನೊಡನೆ ಹಡಗನ್ನೇರಿದೆವು. ಕೊಲ್ಲಿಯೊಳಗೆ ನೀರು ಕೆರೆಯಂತೆ ಶಾಂತವಾಗಿದ್ದಿತು. ಮೊದಲು ಕಂಡದ್ದು ಕಡಲ ನೀರುನಾಯಿ. ಅಂಗಾತವಾಗಿ ತೇಲುತ್ತ, ಎದೆಯನ್ನೇ ಹಲಗೆ ಮಾಡಿಕೊಂಡು ಅದು ಚಿಪ್ಪುಗಳನ್ನು ಒಡೆದು ತಿನ್ನುತ್ತದೆ. ತಿಮಿಂಗಿಲಕ್ಕಿರುವಂತೆ ಕೊಬ್ಬಿನ ಪದರ ಇದಕ್ಕಿಲ್ಲ. ಕೊರೆಯುವ ನೀರಿನಲ್ಲಿ ಇದನ್ನು ಕಾಪಾಡುವುದು ಪ್ರಾಣಿಕೋಟಿಯಲ್ಲಿಯೇ ಅತ್ಯಂತ ದಟ್ಟವಾದ ಅದರ ತುಪ್ಪಳು. ಆ ತುಪ್ಪಳಿನಾಸೆಗಾಗಿಯೇ ಮನುಷ್ಯನು ಈ ಸಂತತಿಯನ್ನು ನಿರ್ವಂಶವಾಗುವಷ್ಟರ ಮಟ್ಟಿಗೆ ಬೇಟೆಯಾಡಿದನು. 1911ರ ಒಪ್ಪಂದವು ಅಳಿದುಳಿದವುಗಳನ್ನು ರಕ್ಷಿಸಿತು. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಎಂಬ ತೈಲದ ಹಡಗು ಸಮೀಪದ ಪ್ರಿನ್ಸ್ ವಿಲಿಯಂ ಸೌಂಡಿನಲ್ಲಿ ಬಂಡೆಗೆ ತಾಗಿ, ಸುಮಾರು 4 ಕೋಟಿ ಲೀಟರು ಕಚ್ಚಾ ಎಣ್ಣೆ ಚೆಲ್ಲಿತು. ಆ ಎಣ್ಣೆ ಈ ತೀರಕ್ಕೂ ಹರಿದು ಬಂದಿತು. ತುಪ್ಪಳಿಗೆ ಎಣ್ಣೆ ಮೆತ್ತಿಕೊಂಡರೆ ನೀರುನಾಯಿಯು ಚಳಿಯಿಂದಲೇ ಸಾಯುತ್ತದೆ. ಹಾಗೆ ಸತ್ತವು ಸಾವಿರಾರು.

ನಾವು ಕಂಡವುಗಳಲ್ಲಿ ಒಂದು ತಾಯಿಯಾಗಿದ್ದಿತು. ಎದೆಯ ಮೇಲೆ ಮರಿಯನ್ನು ಮಲಗಿಸಿಕೊಂಡು ಅದರ ಮೈಯನ್ನು ತೀಡುತ್ತಿದ್ದಿತು. ಆಹಾರಕ್ಕಾಗಿ ಮುಳುಗುವಾಗ ತಾಯಿಯು ಮರಿಯನ್ನು ನೀರಿನ ಮೇಲೆ ಬಿಟ್ಟುಹೋಗಬೇಕು. ಅಲೆ ಒಯ್ಯದಿರಲೆಂದು ಕೆಲವೊಮ್ಮೆ ಕಡಲ ಪಾಚಿಯ ಬಳ್ಳಿಯನ್ನು ಅದಕ್ಕೆ ಸುತ್ತಿ ಹೋಗುವುದೂ ಉಂಟಂತೆ. ಧ್ವನಿವರ್ಧಕದಲ್ಲಿ ಹಡಗಿನ ಕಪ್ತಾನನು ಇದನ್ನು ಹೇಳುತ್ತಿದ್ದಾಗ ಮಗನ ಮುಖ ನೋಡಿದೆನು. ಅವನು ದೃಷ್ಟಿಯನ್ನು ಬೇರೆ ಕಡೆಗೆ ತಿರುಗಿಸಿಕೊಂಡನು.

ಕೊಲ್ಲಿಯ ಬಾಯಿ ದಾಟಿದೊಡನೆ ತೆರೆಗಳ ಹೊಡೆತ ಆರಂಭವಾಯಿತು. ಹೊಟ್ಟೆ ತೊಳಸಿ, ರೊಟ್ಟಿಯ ಗಂಟು ಬಿಚ್ಚಲೂ ಮನಸ್ಸಾಗಲಿಲ್ಲ. ಚಿಸ್ವೆಲ್ ದ್ವೀಪಗಳ ಬಂಡೆಗಳ ಮೇಲೆ ಸ್ಟೆಲರ್ ಕಡಲಸಿಂಹಗಳು ಬಿದ್ದುಕೊಂಡು ಗರ್ಜಿಸುತ್ತಿದ್ದವು. 1741ರಲ್ಲಿ ಬೇರಿಂಗನ ನೌಕಾಯಾತ್ರೆಯಲ್ಲಿ ಬಂದ ಸ್ಟೆಲರ್ ಎಂಬ ವಿಜ್ಞಾನಿಯ ಹೆಸರು ಅವಕ್ಕೆ. ಆತನೇ ವರ್ಣಿಸಿದ ಕಡಲಹಸುವೆಂಬ ಸಾಧುಪ್ರಾಣಿಯು 1768ರ ಹೊತ್ತಿಗೆ, ಬರಿಯ 27 ವರ್ಷಗಳಲ್ಲಿ, ಬೇಟೆಗಾರರ ಹೊಟ್ಟೆಪಾಡಿಗೆ ಬಲಿಯಾಗಿ ಭೂಮಿಯಿಂದಲೇ ಕಣ್ಮರೆಯಾಯಿತು. ಅದೇ ಬಂಡೆಗಳ ಸಂದುಗಳಲ್ಲಿ ಕೆಂಪು ಕೊಕ್ಕಿನ ಪಫಿನ್ ಹಕ್ಕಿಗಳು ಗೂಡು ಮಾಡಿದ್ದವು. ಗಾಳಿಯಲ್ಲಿ ಕಷ್ಟಪಟ್ಟು ಹಾರುವ ಇವು ನೀರಿನೊಳಗೆ ಅದೇ ರೆಕ್ಕೆ ಬೀಸಿ ಸಲೀಸಾಗಿ ಸಂಚರಿಸುತ್ತವೆ. ಆಮೇಲೆ ಗೂನುಬೆನ್ನಿನ ತಿಮಿಂಗಿಲವೊಂದು ಉಸಿರ ಕಾರಂಜಿಯನ್ನು ಚಿಮ್ಮಿಸಿ, ವಿಶಾಲವಾದ ಬಾಲವನ್ನು ಎತ್ತಿ ತೋರಿ, ಸದ್ದಿಲ್ಲದೆ ಮುಳುಗಿತು. ಇವು ಚಳಿಗಾಲದಲ್ಲಿ ಹವಾಯಿ ಮೊದಲಾದ ಬೆಚ್ಚಗಿನ ಕಡಲುಗಳಿಗೆ ಸಾವಿರಾರು ಕಿಲೋಮೀಟರು ಈಜಿಹೋಗಿ ಮರಿ ಹಾಕುತ್ತವೆ. ಅಲ್ಲಿ ತಾಯಿಗೆ ಬಹುಮಟ್ಟಿಗೆ ಉಪವಾಸ. ಆದರೂ ಮರಿಗೆ ಹಾಲೂಡುತ್ತದೆ.

ಮಧ್ಯಾಹ್ನ ಐಯಾಲಿಕ್ ಹಿಮನದಿಯ ಎದುರಿಗೆ ಬಂದೆವು. ಕಪ್ತಾನನು ಯಂತ್ರಗಳನ್ನು ನಿಲ್ಲಿಸಿದನು. ಕಡಲಿನಿಂದ ಎದ್ದುನಿಂತ ನೀಲಿ ಹಿಮದ ಗೋಡೆ! ಶತಮಾನಗಳ ಮಂಜು ತನ್ನ ಭಾರದಿಂದಲೇ ಒತ್ತಿಕೊಂಡು, ಗಾಳಿಯನ್ನು ಹೊರಗೆಡಹಿ ಗಟ್ಟಿಯಾದ ಹಿಮವದು. ಅದು ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಉಳಿಸುವುದರಿಂದ ಆ ಬಣ್ಣ. ತೇಲುವ ಹಿಮಗಡ್ಡೆಗಳ ಮೇಲೆ ನೀರುಕರುಗಳು ಮರಿಗಳೊಡನೆ ಮಲಗಿದ್ದವು. ಇದ್ದಕ್ಕಿದ್ದಂತೆ ಗುಡುಗಿನಂಥ ಸದ್ದು. ಗೋಡೆಯ ಒಂದು ಭಾಗ ಕಳಚಿ ಕಡಲಿಗೆ ಬಿದ್ದಿತು. ಮೊದಲು ಕಣ್ಣಿಗೆ ಬಿದ್ದದ್ದು ಪತನ, ಆಮೇಲೆ ಕಿವಿಗೆ ತಲುಪಿದ್ದು ಸದ್ದು. ಹಡಗಿನವರೆಲ್ಲ ಹರ್ಷೋದ್ಗಾರ ಮಾಡಿದರು. ಹೀಗೆ ಹಿಮ ಕಳಚಿ ಬೀಳುವುದು ಕಡಲಿಗಿಳಿವ ಹಿಮನದಿಗೆ ಸಹಜಧರ್ಮವೇ. ಆದರೆ ಹಿಂದಿನ ದಿನ ಕಂಡ ಫಲಕವು ನೆನಪಾಗಿ ನನಗೆ ಹರ್ಷಿಸಲಾಗಲಿಲ್ಲ.

ಅಲ್ಲಿಯೇ, ಹಡಗಿನ ಕಟಾಂಜನವನ್ನು ಹಿಡಿದು ನಿಂತಿದ್ದ ಮಗನು ಮೆಲ್ಲಗೆ ನುಡಿದನು: "ಅಪ್ಪಾ, ಅವ್ವನ ಮಾರಿ ನೋಡಾಕ ನನಗ ಆಗಲಿಲ್ಲ. ನೀವು ಇವತ್ತಿನತನಕಾ ಯಾಕ ಬರಲಿಲ್ಲ ಅಂತ ಒಂದ ಮಾತೂ ಕೇಳಲಿಲ್ರಿ. ಕೇಳಿ ಬೈದಿದ್ರ ಹಗುರಾಗತಿತ್ತು."

ನಾನು ಅದನ್ನು ನನ್ನ ಸಹನೆಯೆಂದು ತಿಳಿದಿದ್ದೆನು. ಅದು ಸಹನೆಯಲ್ಲ, ಶಿಕ್ಷೆಯಾಗಿದ್ದಿತೆಂದು ಆಗ ಹೊಳೆಯಿತು. "ತಪ್ಪು ನಂದೂ ಐತಪ್ಪಾ. ಅಕಿ ಕಡೀತನಕಾ ನಿನ್ನ ಹೆಸರು ಹಿಡದು ಹರಸಿದ್ಲು, ಅದನ್ನ ನಾ ನಿನಗ ಹೇಳಲೇ ಇಲ್ಲ" ಎಂದೆನು. ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ. ಮರಳುವಾಗ ರೊಟ್ಟಿಯ ಗಂಟನ್ನು ಬಿಚ್ಚಿ ಮೂವರೂ ಹಂಚಿಕೊಂಡು ತಿಂದೆವು.

ಬಾಂಧವರೇ, ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿ ಭೂಮಿಯನ್ನು ಬಿಸಿಮಾಡಿದ ಪೀಳಿಗೆಯವನೇ ನಾನು. ಆ ಹಿಮವನ್ನು ನೋಡಲು ಹೋದ ವಿಮಾನ, ಹಡಗುಗಳೂ ಎಣ್ಣೆಯಿಂದಲೇ ಓಡಿದವು. ಆದರೆ ಪ್ರಸಾದನಿಲಯದಲ್ಲಿ ನಾವೆಲ್ಲ ಕಲಿತ ಮೊದಲ ಪಾಠವನ್ನು ನೀವು ಮರೆತಿರಲಾರಿರಿ: ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಬಾರದು, ಏಕೆಂದರೆ ಹಿಂದಿನ ಪಂಕ್ತಿಯಲ್ಲಿ ಇನ್ನೂ ಹುಡುಗರು ಕಾದಿದ್ದಾರೆ. ಭೂಮಿಯ ವಿಷಯದಲ್ಲಿಯೂ ನಮ್ಮ ಹಿಂದೆ ಪಂಕ್ತಿಯೊಂದು ಕಾದಿದೆ. ಆ ಪಂಕ್ತಿಯಲ್ಲಿ ನನ್ನ ಮೊಮ್ಮಗನಿದ್ದಾನೆ, ನಿಮ್ಮ ಮೊಮ್ಮಕ್ಕಳೂ ಇದ್ದಾರೆ.

ಊರಿಗೆ ಮರಳಿದ ಮೇಲೆ ನನ್ನ ಕೈಲಾದ ಸಣ್ಣಪುಟ್ಟ ಮಿತವ್ಯಯಗಳನ್ನು ಅಳವಡಿಸಿಕೊಂಡಿದ್ದೇನೆ. ಮಗನೊಡನೆ ಪ್ರತಿ ರವಿವಾರ ದೂರವಾಣಿಯಲ್ಲಿ ಮಾತನಾಡುತ್ತೇನೆ. ಈಗ ಅವನ ತಾಯಿಯ ಮಾತೂ ಬರುತ್ತದೆ. ಮೊಮ್ಮಗನ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ಅದನ್ನು ನಿಮ್ಮ ಮುಂದೆಯೂ ಇರಿಸಿ ಈ ಲೇಖನವನ್ನು ಮುಗಿಸುತ್ತೇನೆ.

ಶರಣು.