ಸಕ್ಕರೆಯ ಘಟಸರ್ಪ

ಆಟದ ಸಾಮಾನುಗಳಲ್ಲಿ ಎರಡು ಜಾತಿಗಳುಂಟು. ಮರದ ಕುದುರೆ, ಮಣ್ಣಿನ ಬೊಂಬೆ, ಬುಗುರಿ ಮೊದಲಾದುವು ಮಗುವಿನೊಡನೆ ಕೆಲವು ಕಾಲ ಬಾಳಿ, ಒಡೆದೋ ಸವೆದೋ ಕಡೆಗೆ ಅಟ್ಟವನ್ನು ಸೇರತಕ್ಕವು. ಇನ್ನೊಂದು ಜಾತಿಯ ಆಟಿಕೆಯಾದರೋ ಕೈಗೆ ಬಂದ ಗಳಿಗೆಯಿಂದಲೇ ಮುಗಿಯತೊಡಗುವುದು. ಅದನ್ನು ಪ್ರೀತಿಸುವುದೆಂದರೆ ತಿಂದು ಮುಗಿಸುವುದೆಂದೇ ಅರ್ಥ. ಚೀನಾದೇಶದ ಸಿಚುವಾನ್ ಪ್ರಾಂತದ ರಾಜಧಾನಿಯಾದ ಚೆಂಗ್ಡು ನಗರದಲ್ಲಿ ಮಕ್ಕಳಿಗಾಗಿ ರಚಿಸುವ ಸಕ್ಕರೆಯ ಚಿತ್ರಗಳು ಈ ಎರಡನೆಯ ಜಾತಿಗೆ ಸೇರಿದುವು. ಅಲ್ಲಿಯವರು ಅವನ್ನು ‘ತಾಂಗ್ ಹುವಾ’ ಎನ್ನುತ್ತಾರೆ. ‘ತಾಂಗ್’ ಎಂದರೆ ಸಕ್ಕರೆ. ‘ಹುವಾ’ ಎಂದರೆ ಚಿತ್ರ.

ಇದಕ್ಕೆ ಬೇಕಾದ ಸಾಮಗ್ರಿ ಬಹು ಸ್ವಲ್ಪ. ಉದ್ಯಾನದ ಬಾಗಿಲಲ್ಲೋ ದೇವಾಲಯದ ಜಾತ್ರೆಯಲ್ಲೋ ಕುಶಲಿಯು ತನ್ನ ಪೆಟ್ಟಿಗೆಯನ್ನು ಇಳಿಸುವನು. ಅದರ ಮೇಲೆ ನಯವಾದ ಅಮೃತಶಿಲೆಯ ಹಲಗೆ, ಪಕ್ಕದಲ್ಲಿ ಸಣ್ಣದೊಂದು ಒಲೆ, ಒಲೆಯ ಮೇಲೆ ಕರಗಿದ ಕಬ್ಬಿನ ಸಕ್ಕರೆ. ಅದು ಮತ್ತೆ ಹರಳುಗಟ್ಟದಿರಲೆಂದು ಮೊಳಕೆಧಾನ್ಯದಿಂದ ತೆಗೆದ ಸಿಹಿಪಾಕವನ್ನು ಸ್ವಲ್ಪ ಬೆರೆಸುವುದುಂಟು. ಶಿಲೆಗೆ ಎಣ್ಣೆಯ ಪಸೆಯನ್ನು ಸವರಿ, ಕುಶಲಿಯು ಕೈಗೆ ಒಂದು ಪುಟ್ಟ ಸೌಟನ್ನು ತೆಗೆದುಕೊಳ್ಳುತ್ತಾನೆ. ಆ ಸೌಟೇ ಅವನ ಕುಂಚ. ಅದರ ಅಂಚಿನಿಂದ ಪಾಕವು ನೂಲಾಗಿ ಇಳಿಯುತ್ತ, ಮಣಿಕಟ್ಟಿನ ಚಲನೆಯನ್ನು ಅನುಸರಿಸಿ ಕಲ್ಲಿನ ಮೇಲೆ ರೇಖೆಯಾಗುವುದು. ಪಾಕದ ಬಿಸಿ ಹೆಚ್ಚಿದರೆ ರೇಖೆ ಹರಡುವುದು, ತಣಿದರೆ ಕಡಿಯುವುದು. ನಿಂತು ಯೋಚಿಸಲು ಅವಕಾಶವಿಲ್ಲ. ಅಳಿಸಿ ತಿದ್ದುವ ಮಾತಂತೂ ಇಲ್ಲವೇ ಇಲ್ಲ. ನೋಡುತ್ತಿದ್ದಂತೆಯೇ ಕಣ್ಣು, ಮೀಸೆ, ಹುರುಪೆಗಳೊಡನೆ ಒಂದು ಮೀನು ಮೂಡುವುದು. ಅದರ ಮೇಲೆ ಬಿದಿರಿನ ಕಡ್ಡಿಯೊಂದನ್ನು ಇಟ್ಟು, ಪಾಕದ ತೊಟ್ಟಿನಿಂದ ಅಂಟಿಸಿ, ತೆಳುವಾದ ಅಲಗಿನಿಂದ ಮೆಲ್ಲನೆ ಎಬ್ಬಿಸಿ ಮಗುವಿನ ಕೈಗೆ ಕೊಡುವನು. ಬಿಸಿಲಿಗೆ ಹಿಡಿದರೆ ಹೊನ್ನಿನ ತಂತಿಯಲ್ಲಿ ಹೆಣೆದಂತಿರುವುದು.

ಯಾವ ಚಿತ್ರ ದೊರೆಯಬೇಕೆಂಬುದನ್ನು ಹಿಂದಿನಿಂದ ಬಂದ ಪದ್ಧತಿಯಲ್ಲಿ ಅದೃಷ್ಟಕ್ಕೆ ಬಿಟ್ಟಿದೆ. ದುಂಡಾದ ಒಂದು ಹಲಗೆಯ ಅಂಚಿನ ಸುತ್ತಲೂ ಹೂ, ಹಣ್ಣು, ಹಕ್ಕಿ, ಚೀನೀಯರ ಹನ್ನೆರಡು ಸಂವತ್ಸರಗಳ ಪ್ರಾಣಿಗಳು ಮೊದಲಾದುವನ್ನು ಬರೆದಿರುತ್ತದೆ. ನಡುವೆ ತಿರುಗುವ ಒಂದು ಮುಳ್ಳು. ಹಣ ಕೊಟ್ಟ ಮಗು ಮುಳ್ಳನ್ನು ತಿರುಗಿಸಬೇಕು. ಮಕ್ಕಳೆಲ್ಲರ ಕಣ್ಣೂ ಘಟಸರ್ಪದ ಮನೆಯ ಮೇಲೆಯೇ. ನಮ್ಮವರು ಘಟಸರ್ಪವೆಂದೂ ಇತರರು ಡ್ರ್ಯಾಗನ್ ಎಂದೂ ಕರೆಯುವ ಈ ಪ್ರಾಣಿಯು ಚೀನೀಯರಿಗೆ ಮಳೆಯನ್ನೂ ಮಂಗಳವನ್ನೂ ತರುವಂಥದು. ಹಲಗೆಯ ಚಿತ್ರಗಳಲ್ಲೆಲ್ಲ ದೊಡ್ಡದು, ಸಕ್ಕರೆಯೂ ಅದರಲ್ಲಿಯೇ ಹೆಚ್ಚು. ಬಾಲಕನೊಬ್ಬನು ಇದ್ದ ಒಂದೇ ನಾಣ್ಯವನ್ನು ಕೊಟ್ಟು ಮುಳ್ಳನ್ನು ತಿರುಗಿಸಿದನೆನ್ನಿ. ಅದು ಘಟಸರ್ಪದ ಬಳಿ ನಿಧಾನಿಸಿ, ಇನ್ನೇನು ನಿಂತಿತು ಎನ್ನುವಷ್ಟರಲ್ಲಿ ಒಂದು ಮನೆ ಮುಂದೆ ಜಾರಿ ಪೀಚ್ ಹಣ್ಣಿನ ಮೇಲೆ ನಿಲ್ಲುವುದು. ಬಾಲಕನ ಮುಖ ಬಾಡುವುದು. ಆದರೆ ಒಳ್ಳೆಯ ಕುಶಲಿಗೆ ಘಟಸರ್ಪಕ್ಕೊಂದು ಕೈ, ಹಣ್ಣಿಗೊಂದು ಕೈ ಎಂಬುದಿಲ್ಲ. ಅವನು ಹಣ್ಣನ್ನು ಬರೆದು, ಎರಡು ಎಲೆಗಳನ್ನು ಸೇರಿಸಿ ಕೊಡುವಾಗ ಬಾಲಕನು ಅದನ್ನು ಮೊದಲು ಬೇಸರದಿಂದಲೂ ಆಮೇಲೆ ಬೆರಗಿನಿಂದಲೂ ನೋಡುವನು. ದೊರೆಯದಿದ್ದುದನ್ನು ಮರೆತು ದೊರೆತುದನ್ನು ಸವಿಯುವ ಪಾಠವನ್ನು ಇಷ್ಟು ಸಿಹಿಯಾಗಿ ಹೇಳಿಕೊಡುವ ಗುರುಗಳು ವಿರಳ.

ಈ ಆಟಿಕೆಯ ಜೀವವಾದ ಸಕ್ಕರೆಯ ಕಥೆಯಲ್ಲಿ ನಮ್ಮ ದೇಶಕ್ಕೂ ಪಾಲುಂಟು. ಕ್ರಿ. ಶ. 647ರಲ್ಲಿ ಮಗಧದ ದೂತರು ಚೀನಾದ ಆಸ್ಥಾನಕ್ಕೆ ಹೋದರೆಂದೂ, ಸಮ್ರಾಟನಾದ ತಾಯ್‌ಜ಼ುಂಗನು ಸಕ್ಕರೆಯನ್ನು ಕಾಯಿಸುವ ವಿಧಾನವನ್ನು ಕಲಿತು ಬರುವಂತೆ ತನ್ನವರನ್ನು ಕಳುಹಿಸಿದನೆಂದೂ, ತರುವಾಯ ಯಾಂಗ್‌ಜೌ ಪ್ರದೇಶದ ಕಬ್ಬಿನಿಂದ ತೆಗೆದ ಸಕ್ಕರೆಯು ಬಣ್ಣದಲ್ಲಿಯೂ ರುಚಿಯಲ್ಲಿಯೂ ಮೂಲವನ್ನು ಮೀರಿಸಿತೆಂದೂ ಆ ದೇಶದ ಇತಿಹಾಸಗ್ರಂಥವು ಹೇಳುತ್ತದೆ. ಸಂಸ್ಕೃತದ ‘ಶರ್ಕರಾ’ ಶಬ್ದಕ್ಕೆ ಹರಳುಕಲ್ಲು ಎಂಬ ಅರ್ಥವೂ ಉಂಟಷ್ಟೆ. ಗಟ್ಟಿಯಾದ ಸಕ್ಕರೆಯನ್ನು ಹಿಂದಿನ ಚೀನೀಯರು ‘ಕಲ್ಲುಜೇನು’ ಎಂದರು. ಕನ್ನಡಿಗರು ‘ಕಲ್ಲುಸಕ್ಕರೆ’ ಎಂದರು. ಅತ್ತ ಹಿಂದೂಸ್ತಾನಿಯಲ್ಲಿ ಬಿಳಿಯ ಸಕ್ಕರೆಗೆ ‘ಚೀನಿ’ ಎಂಬ ಹೆಸರೇ ನಿಂತಿತು. ಶಿಷ್ಯನ ಹೆಸರು ಗುರುವಿನ ಮನೆಯಲ್ಲಿ ಬಳಕೆಗೆ ಬರುವುದು ಗುರುವಿಗೆ ಅವಮಾನವಲ್ಲ.

ಚಿತ್ರವಿದ್ಯೆಯ ಮೂಲವನ್ನು ಸಿಚುವಾನಿನ ಜನ ತಮ್ಮ ನಾಡಿನವನೇ ಆದ ಛೆನ್ ಜ಼ಿಆಂಗ್ ಎಂಬ ಪ್ರಾಚೀನ ಕವಿಯವರೆಗೆ ಒಯ್ಯುತ್ತಾರೆ. ಅದು ಐತಿಹ್ಯದ ಮಾತು. ಮಿಂಗ್ ವಂಶದ ಕಾಲದಲ್ಲಿ (1368–1644) ಪೂಜೆಗಾಗಿ ಸಕ್ಕರೆಯನ್ನು ಅಚ್ಚಿನಲ್ಲಿ ಹೊಯ್ದು ಪ್ರಾಣಿಗಳನ್ನೂ ಮಂತ್ರಿಗಳನ್ನೂ ಮಾಡುತ್ತಿದ್ದರೆಂದೂ, ಮುಂದೆ ಕುಶಲಿಗಳು ಅಚ್ಚನ್ನು ಬಿಟ್ಟು ಸೌಟನ್ನೇ ನೆಚ್ಚಿದರೆಂದೂ ಹೇಳುವುದುಂಟು. ಮೈಸೂರು ಸೀಮೆಯ ಗೃಹಿಣಿಯರಿಗೆ ಈ ಅಚ್ಚಿನ ಸಂಗತಿ ಹೊಸದಲ್ಲ. ಸಂಕ್ರಾಂತಿಯಲ್ಲಿ ಎಳ್ಳು ಬೀರುವಾಗ ಕೊಡುವ ಸಕ್ಕರೆ ಅಚ್ಚಿನ ಆನೆ, ಗಿಳಿ, ತುಳಸಿಕಟ್ಟೆಗಳೂ ಮಕ್ಕಳಿಗೆ ಮೊದಲು ಬೊಂಬೆ, ಆಮೇಲೆ ತಿಂಡಿ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಅಚ್ಚು ಮರದ್ದು. ಅತ್ತೆಯ ಪೆಟ್ಟಿಗೆಯಿಂದ ಸೊಸೆಯ ಪೆಟ್ಟಿಗೆಗೆ ಬರುವುದು. ನಡುವೆ ಒಂದು ತಲೆಮಾರು ಮರೆತರೂ ಆನೆಯು ಮರದೊಳಗೆ ನಿದ್ರಿಸುತ್ತಿರುವುದು. ಚೆಂಗ್ಡುವಿನ ಘಟಸರ್ಪಕ್ಕೆ ಅಂಥ ಆಶ್ರಯವಿಲ್ಲ. ಅದರ ಅಚ್ಚು ಕುಶಲಿಯ ಮಣಿಕಟ್ಟು. ಆ ಕೈ ಮಡಿದರೆ ಅಚ್ಚೂ ಮಡಿಯಿತು.

ಇಲ್ಲಿಯೇ ಈ ವಿದ್ಯೆಯ ಸಂಕಟವಿರುವುದು. ಶಿಲ್ಪಿಯು ಸತ್ತರೂ ಶಿಲೆ ಉಳಿಯುವುದು. ಮುಂದಿನವರು ಅದನ್ನು ನೋಡಿ ಕಲಿಯಬಹುದು. ಬಾಳೆಲ್ಲ ಸಕ್ಕರೆಯಲ್ಲಿ ಚಿತ್ರ ಬರೆದವನ ಕೃತಿಗಳಾದರೋ ಮಕ್ಕಳ ನಾಲಗೆಯ ಮೇಲೆ ಕರಗಿಹೋಗಿರುತ್ತವೆ. 2008ರಲ್ಲಿ ಚೀನಾ ಸರ್ಕಾರವು ಚೆಂಗ್ಡುವಿನ ಈ ಕಲೆಯನ್ನು ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಉಚಿತವಾದ ಗೌರವವೇ ಸರಿ. ಆದರೆ ಪಟ್ಟಿಯಲ್ಲಿ ಹೆಸರನ್ನು ಇಡಬಹುದೇ ಹೊರತು ಪಾಕವನ್ನು ಇಡಲಾಗದು. ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಿದರೆ, ಯಾವ ಮಗುವೂ ಮುಟ್ಟದ, ಯಾರೂ ತಿನ್ನದ ಆ ವಸ್ತು ಘಟಸರ್ಪದ ಆಕಾರವಾದೀತು; ಆಟಿಕೆಯಾಗಲಾರದು.

ವೇದಾಧ್ಯಯನದ ಪದ್ಧತಿಯನ್ನು ಬಲ್ಲವರಿಗೆ ಇದರ ಪರಿಹಾರವೂ ಹೊಳೆಯದಿರದು. ಉಚ್ಚರಿಸಿದ ಧ್ವನಿ ಆ ಕ್ಷಣವೇ ಆಕಾಶದಲ್ಲಿ ಲಯವಾಗುವುದು. ಆದರೂ ಸ್ವರದೊಡನೆ ಮಂತ್ರವು ಸಹಸ್ರಾರು ವರ್ಷ ಉಳಿದುದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ದಿನದಿನವೂ ಹಾಯ್ದುದರಿಂದ. ನಶಿಸುವುದನ್ನು ಉಳಿಸುವ ಮಾರ್ಗವು ಅದನ್ನು ಮತ್ತೆ ಮತ್ತೆ ಮಾಡುವುದೇ. ಸಕ್ಕರೆಯ ಚಿತ್ರಕ್ಕೂ ಇಬ್ಬರು ಬೇಕು: ಪಕ್ಕದಲ್ಲಿ ಕುಳಿತು, ಕೈ ಸುಟ್ಟುಕೊಂಡು ಕಲಿಯುವ ಒಬ್ಬ ಶಿಷ್ಯ, ಎದುರಿಗೆ ನಿಂತು ಮುಳ್ಳು ತಿರುಗಿಸುವ ಒಂದು ಮಗು. ಇವರಲ್ಲಿ ಯಾರೊಬ್ಬರು ಬಾರದೆ ಹೋದರೂ ಒಲೆ ಆರುವುದು.

ಪೀಚ್ ಹಣ್ಣನ್ನು ಪಡೆದ ಬಾಲಕನು ಮನೆಯ ದಾರಿಯಲ್ಲಿ ಮೊದಲು ಎಲೆಗಳನ್ನು ತಿನ್ನುವನು. ಹಣ್ಣನ್ನು ತಾಯಿಗೆ ತೋರಿಸಬೇಕೆಂದು ಉಳಿಸಿಕೊಳ್ಳುವನು. ಬಾಗಿಲಿಗೆ ಬರುವ ಹೊತ್ತಿಗೆ ಅವನ ಕೈಯಲ್ಲಿ ಬಿದಿರಿನ ಕಡ್ಡಿ ಮಾತ್ರ ಇರುವುದು. ಏನಾಯಿತೆಂದು ತಾಯಿ ಕೇಳಿದರೆ, ಅವನು ಆ ಕಡ್ಡಿಯಿಂದಲೇ ಗಾಳಿಯಲ್ಲಿ ಹಣ್ಣಿನ ರೇಖೆಯನ್ನು ಎಳೆದು ತೋರಿಸುವನು. ಕುಶಲಿಯ ಕೈ ತಿರುಗಿದಂತೆಯೇ ತಿರುಗಿಸಲು ಯತ್ನಿಸುವನು. ಆ ಯತ್ನವು ಉಳಿದಿರುವವರೆಗೆ ಸಕ್ಕರೆಯ ಘಟಸರ್ಪಕ್ಕೆ ಸಾವಿಲ್ಲ.